ಮೈಲವ್ವಜ್ಜಿ ಹಂಚಿದ ಪಾಲು

ನಾಗಲಕ್ಷ್ಮಿ ಚೆಂಡುಹೂವಿನ ಸರವನ್ನು ಅಂತ್ಯಯಾತ್ರೆಯ ವಿಮಾನದ ಬಿದಿರಿಗೆ ಬಿಗಿಯುತ್ತಿದ್ದಳು. ಸರದ ಇನ್ನೊಂದು ತುದಿ ಸುಧಾರಾಣಿಯ ಕೈಯಲ್ಲಿತ್ತು. ಒಂದೇ ಸರ ಹಿಡಿದವರ ಮುಖ ಮಾತ್ರ ಒಂದು ಮೂಡಲಕ್ಕೆ, ಒಂದು ಪಡುವಲಕ್ಕೆ. ಕುಪ್ಪೇಲೂರಿನ ಶಾಲೆಯಲ್ಲಿ ಗಂಟೆ ಬಾರಿಸಿ, ನೀರು ತುಂಬಿ, ಮಕ್ಕಳ ಮೂಗು ಒರೆಸಿ ಮುದುಕಿಯಾಗಿದ್ದ ಮೈಲವ್ವಜ್ಜಿ ಒಳಗೆ ವಿಭೂತಿ ಧರಿಸಿ, ತವರಿಗೆ ಹೊರಟವಳ ಹಾಗೆ ಗೋಡೆಗೊರಗಿ ಕುಳಿತಿದ್ದಳು.

"ಸರ ಸಡ್ಲ ಬಿಡು ಅಂತ ಹೇಳ್ರಿ ಯಾರಾರ ಆಕೀಗೆ," ಎಂದಳು ಸುಧಾರಾಣಿ, ಗೋಡೆಗೆ.

ಬಿದಿರು ಕಟ್ಟುತ್ತಿದ್ದ ತಿರಕಪ್ಪ ಇಬ್ಬರಿಗೂ ಸಹಪಾಠಿ. "ನಿಮ್ಮಿಬ್ಬರ ನಡುವ ನಾ ಟಪಾಲಿನಂವ ಆಗೇನಿ," ಎಂದು ನಕ್ಕ.

*

ಮೂರನೇ ಇಯತ್ತೆ. ನಾಗಲಕ್ಷ್ಮಿಯನ್ನು ನೀರಿನ ಹಂಡೆಯ ಹಿಂದೆ ಕರೆದು, ಬೆಲ್ಲದ ಚೂರು ಕೊಟ್ಟು ಅಜ್ಜಿ ಪಿಸುಗುಟ್ಟಿದ್ದಳು: "ಸುಧಾಗ ಅವ್ವ ಇಲ್ಲ. ಇವತ್ತಿಂದ ಆಕೀ ನಿನ್ನ ಪಾಲು. ಜೋಡಿ ಉಣ್ಣು, ಜೋಡಿ ಆಡು. ನಿನಗೊಬ್ಬಾಕಿಗೇ ಹೇಳೇನಿ, ಬಾಯಿ ಬಿಡಬ್ಯಾಡ."

ನಾಗಲಕ್ಷ್ಮಿ ಮೊದಮೊದಲು ಅಜ್ಜಿಗಾಗಿ ಜೊತೆ ಕುಳಿತಳು. ಬರಬರುತ್ತ ಯಾರಿಗಾಗಿ ಎಂಬುದೇ ಮರೆತುಹೋಯಿತು. ಹೋದ ವರ್ಷ ಸುಧಾರಾಣಿಯ ಮದುವೆಯ ಹಂದರದಲ್ಲಿ, ಖುಷಿಯ ಭರದಲ್ಲಿ, ಆ ಗುಟ್ಟು ಬಾಯಿಂದ ಜಾರಿತ್ತು. "ಹಂಗಾರ ಇಷ್ಟು ವರ್ಷ ನನ್ನ ಮ್ಯಾಲ ಕನಿಕರ ಮಾಡಿದ್ದೇನು?" ಎಂದವಳು ಬ್ಯಾಡಗಿಯ ಗಂಡನ ಮನೆ ಸೇರಿದ ಮೇಲೆ ಮಾತೇ ಆಡಿರಲಿಲ್ಲ. ಇಬ್ಬರನ್ನೂ ಕೂಡಿಸಬಲ್ಲವಳು ಒಬ್ಬಳೇ ಇದ್ದಳು. ಈಗ ಆಕೆಯೂ ಕಣ್ಣು ಮುಚ್ಚಿದ್ದಳು.

*

"ಸ್ಲೇಟು ಓರೆ ಹಿಡದು ಹಿಡದು ನನ್ನ ಕೈ ಸೋತಿತ್ತು," ಎಂದ ತಿರಕಪ್ಪ, ಹಗ್ಗ ಜಗ್ಗುತ್ತ. "ಅಜ್ಜಿ ಮಾತು ಮೀರಲಿಲ್ಲ ನೋಡು."

"ಯಾಕ ಓರೆ ಹಿಡಿದಿ?" ಸುಧಾರಾಣಿ ಕೇಳಿದಳು.

"ಹಿಂದ ಕುಂತ ನಾಗಲಕ್ಷ್ಮಿಗೆ ಕಾಣಬೇಕಲ್ಲ. 'ಆ ಹುಡುಗೀಗೆ ಲೆಕ್ಕ ಬರೂದಿಲ್ಲ, ಮಾಸ್ತರ ಬಡಿಗಿಗೆ ಹೆದರ್ತಾಳ. ಆಕೀ ನಿನ್ನ ಪಾಲು, ನಿನಗೊಬ್ಬಗೇ ಹೇಳೇನಿ' ಅಂದಿದ್ಲು. ಇನ್ನ ಯಾಕ ಮುಚ್ಚಿಡೂದು?"

ನಾಗಲಕ್ಷ್ಮಿಯ ಮುಖ ಕೆಂಪಾಯಿತು. "ಖರೇನ? ನಾನಾ ಕದ್ದು ನೋಡ್ತೇನಿ, ಭಾಳ ಶಾಣ್ಯಾಕಿ ಅದೇನಿ ಅನ್ಕೊಂಡಿದ್ದೆ."

ಸುಧಾರಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದು ನೆರೆಮನೆಯವರು ನೀರು ತಂದರು. ಆದರೆ ಭುಜ ಕುಲುಕುತ್ತಿದ್ದುದು ನಗುವಿಗೆ.

"ನನ್ನ ಕಾಯೂ ರಾಣಿಗೂ ಒಬ್ಬ ಕಾವಲುಗಾರ ಇದ್ದ ಅಂದಂಗಾತು," ಎಂದಳು, ನೇರ ನಾಗಲಕ್ಷ್ಮಿಗೇ. "ಬಾ ಇತ್ತಾಗ. ಕುಂಕುಮ ಮೂಗಿಗೆ ಇಳದೈತಿ ನಿಂದು."

ವಿಮಾನ ಎದ್ದಿತು. ಭಜನೆಯ ತಾಳದ ಹಿಂದೆ ಶಾಲೆಯ ಮಕ್ಕಳು, ಅವರ ಹಿಂದೆ ಗೆಳತಿಯರಿಬ್ಬರು. ಹಳ್ಳದ ದಾರಿಯಲ್ಲಿ ಒಂದನೇ ಇಯತ್ತೆಯ ಗಿಡ್ಡಿಯೊಬ್ಬಳು ಎಡವಿ ಬಿದ್ದಳು. ಕೂಡಲೇ ಹಿಂದಿನಿಂದ, ಮುಂದಿನಿಂದ, ಎಡಬಲದಿಂದ ಕೈಗಳು ಚಾಚಿದವು. ಚಾಚಿದ ಮಕ್ಕಳೆಲ್ಲ, ತಮ್ಮ ಗುಟ್ಟು ಬಯಲಾದವರಂತೆ, ಒಬ್ಬರನ್ನೊಬ್ಬರು ಬೆರಗಿನಿಂದ ನೋಡುತ್ತ ನಿಂತುಬಿಟ್ಟರು. ಯಾವ ಕೈ ಹಿಡಿಯಬೇಕೋ ತಿಳಿಯದ ಗಿಡ್ಡಿ, ಸಿಕ್ಕ ಬೆರಳುಗಳನ್ನೆಲ್ಲ ಎರಡೂ ಮುಷ್ಟಿಯಲ್ಲಿ ತುಂಬಿಕೊಂಡು ಎದ್ದಳು.