ಮೀನೆಣ್ಣೆ ಒರೆಸಿದ ಬಟ್ಟೆ

ಆಕ್ಲೆಂಡಿನ ಮಳೆಗೆ ಮನೆ ಹೊರಗಿನ ಮರದ ಜಗಲಿ, ಅಂದರೆ ಡೆಕ್, ಹಾಳಾಗುವುದು ಹೊಸ ಸುದ್ದಿಯಲ್ಲ. ಎರಡು ಚಳಿಗಾಲ ಕಳೆದರೆ ಹಲಗೆ ಬೂದುಬಣ್ಣಕ್ಕೆ ತಿರುಗಿ ಬಿರಿಯತೊಡಗುತ್ತದೆ. ಮೌಂಟ್ ರಾಸ್ಕಿಲ್‌ನ ಶ್ರೀಕರ್ ಮನೆಯ ಡೆಕ್ಕಿಗೂ ಅದೇ ಗತಿಯಾಗಿತ್ತು. ಅಂಗಡಿಯಲ್ಲಿ ಸಿಗುವ ಎಣ್ಣೆಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಮಲ್ಪೆಯಲ್ಲಿ ಅವರ ಅಪ್ಪ ಮರದ ದೋಣಿಗೆ ಬೂತಾಯಿ ಮೀನಿನ ಎಣ್ಣೆ ಹಚ್ಚುತ್ತಿದ್ದರು. ಆ ವಿದ್ಯೆ ತನಗೂ ಗೊತ್ತು ಎಂಬ ಹೆಮ್ಮೆ ಶ್ರೀಕರ್‌ಗೆ. ಊರು ಬಿಟ್ಟು ಬಂದ ನಮಗೆಲ್ಲ ಇಂಥದ್ದೊಂದು ಹೆಮ್ಮೆ ಇದ್ದೇ ಇರುತ್ತದೆ ಬಿಡಿ.

ಎಣ್ಣೆ ಕೊಟ್ಟವರು ಗೆಳೆಯ ವಜೀರ್. ಉಳ್ಳಾಲದವರಾದ ವಜೀರ್ ಇಲ್ಲಿಗೆ ಬರುವ ಮೊದಲು ಪಶ್ಚಿಮ ಆಫ್ರಿಕಾದ ಮಾರಿಟೇನಿಯಾದಲ್ಲಿ, ಮೀನು ಪುಡಿ ಮಾಡುವ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ದುಡಿದವರು. ಈಗ ಪಶು ಆಹಾರಕ್ಕೆಂದು ಅಲ್ಲಿಂದಲೇ ಮೀನೆಣ್ಣೆ ತರಿಸುವ ವ್ಯಾಪಾರ. ಗೆಳೆಯ ಕೇಳಿದ, ಒಂದು ಡಬ್ಬ ಕೊಟ್ಟರು. ಬೇರೇನೂ ಹೇಳಲಿಲ್ಲ.

ಜನವರಿಯ ಒಂದು ಭಾನುವಾರ, ಇಲ್ಲಿ ಬೇಸಿಗೆ. ಬೆಳಿಗ್ಗೆಯೇ ಶ್ರೀಕರ್ ಹಳೆಯ ಲುಂಗಿ, ಟವೆಲುಗಳನ್ನು ಹರಿದು ಎಣ್ಣೆಯಲ್ಲಿ ಅದ್ದಿ ಇಡೀ ಡೆಕ್ ಉಜ್ಜಿದರು. ನಾಲ್ಕು ಗಂಟೆಗೆ ವಜೀರ್ ನೋಡಲು ಬಂದರು.

"ಹೇಗುಂಟು ವಜೀರ್ ಭಾಯ್?" ಶ್ರೀಕರ್ ಮುಖ ಡೆಕ್ಕಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ಚಂದ ಆಗಿದೆ. ಒರೆಸಿದ ಬಟ್ಟೆ ಎಲ್ಲಿ?"

"ಗರಾಜಲ್ಲಿ. ಎಲ್ಲ ಮುದ್ದೆ ಮಾಡಿ ರಟ್ಟಿನ ಪೆಟ್ಟಿಗೆಗೆ ತುಂಬಿಸಿಟ್ಟಿದ್ದೇನೆ. ಮಂಗಳವಾರ ಕಸದ ಗಾಡಿ ಬರ್ತದಲ್ವಾ?"

ವಜೀರ್ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. "ಈಗಲೇ ಹೊರಗೆ ತನ್ನಿ ಮಾರಾಯ್ರೆ. ಅದು ತನ್ನಿಂದ ತಾನೇ ಬಿಸಿಯಾಗ್ತದೆ. ಬೆಂಕಿ ಹತ್ತುದೂ ಉಂಟು."

"ಕಡ್ಡಿ ಗೀರದೆ ಬೆಂಕಿಯಾ? ಎಂತದು ನೀವು ಹೇಳುದು? ನಮ್ಮಪ್ಪ ಮೂವತ್ತು ವರ್ಷ ಹಚ್ಚಿದ್ದಾರೆ, ಒಂದು ದಿನ ಹೊಗೆ ಕಂಡವರಿಲ್ಲ."

"ನಿಮ್ಮಪ್ಪ ಬಟ್ಟೆ ಎಲ್ಲಿ ಬಿಸಾಡ್ತಿದ್ರು?"

"ಅಲ್ಲೇ, ಕಡಲ ಬದಿಯ ಹೊಯ್ಗೆ ಮೇಲೆ."

"ಹಾಗೆ ಹೇಳಿ. ಈ ಎಣ್ಣೆ ಒಣಗುವಾಗ ಗಾಳಿ ಸೇರಿ ಬಿಸಿ ಹುಟ್ತದೆ. ಹರಡಿ ಬಿದ್ದಿದ್ರೆ ಬಿಸಿ ಗಾಳಿಗೆ ಹೋಗ್ತದೆ. ಮುದ್ದೆ ಮಾಡಿದ್ರೆ ಎಲ್ಲಿಗೆ ಹೋಗ್ಬೇಕು? ಒಳಗೇ ಏರ್ತದೆ. ಮಾರಿಟೇನಿಯಾದಲ್ಲಿ ನಮ್ಮ ಬೂತಾಯಿ ಹಾಗಿನ ಮೀನೇ ಬೋಟುಗಟ್ಟಲೆ ಬರ್ತಿತ್ತು. ತಿನ್ಲಿಕ್ಕಲ್ಲ, ಕೋಳಿಗೆ, ಸಾಕುವ ಮೀನಿಗೆ ಪುಡಿ ಮಾಡ್ಲಿಕ್ಕೆ. ಅದರಲ್ಲೂ ಇದೇ ಎಣ್ಣೆ ಇರ್ತದಲ್ಲ. ಪುಡಿಯ ಮೂಟೆ ಒತ್ತೊತ್ತಾಗಿ ಪೇರಿಸಿದ್ರೆ ಮಧ್ಯದ ಮೂಟೆ ಮುಟ್ಲಿಕ್ಕೆ ಆಗ್ತಿರ್ಲಿಲ್ಲ. ಹಾಗೇ ಒಂದು ಗೋದಾಮು ಸುಟ್ಟು ಹೋದದ್ದು ನಾನೇ ಕಂಡಿದ್ದೇನೆ."

"ಅದು ಗೋದಾಮು. ನಂದು ನಾಲ್ಕು ತುಂಡು ಬಟ್ಟೆ. ಮೊದಲು ಚಾ ಕುಡೀರಿ."

ಅಷ್ಟರಲ್ಲಿ ಶ್ರೀಕರ್ ಹೆಂಡತಿ ವೇದಾ ಹೊರಗೆ ಬಂದರು. "ಅಮ್ಮನ ರೂಮ್ ಹತ್ರ ಬಾಣಲೆ ಸೀದ ಹಾಗೆ ವಾಸನೆ. ಒಲೆ ಮೇಲೆ ಎಂತದೂ ಇಲ್ಲ."

"ಮೀನೆಣ್ಣೆ ಅಲ್ವಾ, ವಾಸನೆ ಬಾರದೆ ಇರ್ತದಾ?" ಎಂದರು ಶ್ರೀಕರ್. ಆದರೆ ಅವರೂ ಎದ್ದು ನಿಂತಿದ್ದರು.

ವೇದಾ ಅವರ ತಾಯಿ ಅಂಬುಜಾ ಅವರಿಗೆ ಮೊಣಕಾಲಿನ ಆಪರೇಶನ್ ಆಗಿ ಮೂರು ವಾರ. ವಾಕರ್ ಇಲ್ಲದೆ ನಾಲ್ಕು ಹೆಜ್ಜೆ ಇಡಲಾರರು. ಅವರು ಮಲಗಿದ್ದ ಕೋಣೆಗೂ ಗರಾಜಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೂವರೂ ಒಳಗೆ ಓಡಿದರು. ಗರಾಜಿನ ಬಾಗಿಲ ಸಂದಿಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು.

ಶ್ರೀಕರ್ ಬಾಗಿಲಿಗೆ ಕೈ ಹಾಕಿದರು. ವಜೀರ್ ಆ ಕೈ ಹಿಡಿದರು.

"ತೆಗೀಬೇಡಿ. ಒಳಗೆ ಗಾಳಿ ಹೋದ್ರೆ ಬೆಂಕಿ ಭಗ್ಗಂತ ಏಳ್ತದೆ."

"ಬಿಡಿ, ಪೆಟ್ಟಿಗೆ ಎಳೆದು ಹೊರಗೆ ಹಾಕ್ತೇನೆ. ಒಂದೇ ನಿಮಿಷ."

ವೇದಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಆ ಒಂದು ನಿಮಿಷ ನನ್ನಮ್ಮನಿಗೆ ಬೇಕು. ಮೊದಲು ಅವರನ್ನು ಎತ್ತಿ."

ಶ್ರೀಕರ್ ಬಾಗಿಲು ಬಿಟ್ಟು ಅತ್ತೆಯ ಕೋಣೆಗೆ ನುಗ್ಗಿದರು. ಗಂಡಸರಿಬ್ಬರೂ ಅಂಬುಜಾ ಅವರನ್ನು ಕಂಬಳಿ ಸಮೇತ ಎತ್ತಿಕೊಂಡರು. ಅವರು ನಿದ್ದೆಗಣ್ಣಲ್ಲೇ, "ಎಂತಾಯ್ತು ಮಗಾ, ನನ್ನ ವಾಕರ್," ಎಂದು ಗೋಗರೆದರು. ಯಾರೂ ನಿಲ್ಲಲಿಲ್ಲ. ಹಜಾರ ದಾಟುವಾಗ ಹೊಗೆಯ ಅಲಾರಂ ಕಿರುಚತೊಡಗಿತು. ರಸ್ತೆ ಬದಿ ಸೇರಿದ ಮೇಲೆ ವೇದಾ ತುರ್ತು ಸಂಖ್ಯೆ 111ಕ್ಕೆ ಫೋನ್ ಮಾಡಿದರು.

ಅಗ್ನಿಶಾಮಕ ದಳ ಬರುವಷ್ಟರಲ್ಲಿ ಗರಾಜಿನ ಕಿಟಕಿ ಸಿಡಿದಿತ್ತು. ಅರ್ಧ ಗಂಟೆಯಲ್ಲಿ ಬೆಂಕಿ ಆರಿತು. ಅಧಿಕಾರಿ ಬಂದು, ಅಂಬುಜಾ ಅವರ ಕೋಣೆಯ ಗೋಡೆ ಒಳಗಿನಿಂದ ಸುಟ್ಟಿದೆ, ಮಂಚದ ತಲೆದಿಂಬು ಕಪ್ಪಾಗಿದೆ ಎಂದರು. ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳಿದರು.

"ಎಣ್ಣೆ ಬಟ್ಟೆ," ವಜೀರ್ ಉತ್ತರ ಕೊಟ್ಟರು. ಆಮೇಲೆ ಗೆಳೆಯನ ಕಡೆ ತಿರುಗಿ, "ತಪ್ಪು ನಂದೂ ಉಂಟು. ಡಬ್ಬ ಕೊಡುವಾಗಲೇ ಹೇಳ್ಬೇಕಿತ್ತು," ಎಂದರು.

"ಹೇಳಿದ್ರಲ್ಲ. ನಾನು ಚಾ ಕುಡೀರಿ ಅಂದೆ," ಎಂದರು ಶ್ರೀಕರ್. ಅತ್ತೆಯ ಕಾಲ ಬಳಿ ಹುಲ್ಲಿನ ಮೇಲೆಯೇ ಕುಳಿತುಬಿಟ್ಟರು. ಅಂಬುಜಾ ಅವರು ಅಳಿಯನ ತಲೆಯ ಮೇಲೆ ಕೈಯಿಟ್ಟರು, ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಶ್ರೀಕರ್ ಈಗಲೂ ಹೇಳುತ್ತಾರೆ.

ಓದುಗರೇ, ಮೀನೆಣ್ಣೆ ಒಂದೇ ಅಲ್ಲ. ಅಗಸೆ ಎಣ್ಣೆ, ಅಂಗಡಿಯಲ್ಲಿ ಸಿಗುವ ಎಷ್ಟೋ ಡೆಕ್ ಎಣ್ಣೆಗಳೂ ಹೀಗೆಯೇ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಬೇಡಿ, ಪೆಟ್ಟಿಗೆಗೆ, ಕಸದ ಚೀಲಕ್ಕೆ ತುಂಬಬೇಡಿ. ಮನೆಯಿಂದ ದೂರ, ಬಯಲಿನಲ್ಲಿ ಒಂದೊಂದಾಗಿ ಹರಡಿ, ಗರಿಗರಿಯಾಗುವಷ್ಟು ಒಣಗಿಸಿ. ಅದಾಗದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೀರು ತುಂಬಿ ಮುಳುಗಿಸಿಡಿ. ಹೊಗೆ ಕಂಡರೆ ಆ ಕೋಣೆಯ ಬಾಗಿಲು ತೆಗೆಯಬೇಡಿ. ಎಲ್ಲರನ್ನೂ ಹೊರಗೆ ಕರೆತನ್ನಿ, 111ಕ್ಕೆ ಕರೆ ಮಾಡಿ. ಇಂದು ನಿಮ್ಮ ಗರಾಜಿನಲ್ಲಿ ಅಂಥ ಬಟ್ಟೆ ಇದೆಯೇ? ಈ ಹಾಳೆ ಕೆಳಗಿಟ್ಟು, ಮೊದಲು ಹೋಗಿ ನೋಡಿ.