ಸೇತುವೆ ದಾಟದ ಕರಡಿ

ಊರಿನವರು ಅವಳನ್ನು ಬೇಕರಿಯಕ್ಕ ಎನ್ನುತ್ತಿದ್ದರು. ಬೇಕರಿ ಅವಳದೇನಲ್ಲ, ಅಲ್ಲಿ ಹಿಟ್ಟು ನಾದುವ ಕೆಲಸ ಮಾತ್ರ ಅವಳದು. ಕೋಳಿ ಕೂಗುವ ಮೊದಲೇ ಎದ್ದು ಹೋಗಿ, ಮೊಣಕೈವರೆಗೆ ಮೈದಾದಲ್ಲಿ ಮುಳುಗಿ, ಊರು ಕಣ್ಣುಜ್ಜುವ ಹೊತ್ತಿಗೆ ಮೊದಲ ಒಲೆ ಬ್ರೆಡ್ಡು ಹೊರಬೀಳುವಂತೆ ನೋಡಿಕೊಂಡು, ಸಂಜೆಯ ಬನ್ನಿಗೆ ಮತ್ತೆ ನಾದಿ, ಮನೆಗೆ ಬಂದು ಅಡುಗೆ ಮಾಡಿ ಬಡಿಸುವಷ್ಟರಲ್ಲಿ ಅವಳ ಬೆನ್ನು ಅವಳ ಮಾತು ಕೇಳುವುದನ್ನು ಬಿಟ್ಟಿರುತ್ತಿತ್ತು. ಗಂಡ ಲಾರಿ ಡ್ರೈವರ್. ಮನೆಗಿಂತ ರಸ್ತೆಯ ಮೇಲೆ ಇದ್ದದ್ದೇ ಹೆಚ್ಚು. ಮನೆಯಲ್ಲಿ ಅತ್ತೆ, ಮತ್ತೆ ಮೂರನೇ ಕ್ಲಾಸಿನ ಮಗಳು. ತಿನ್ನುವುದು ನಾಲ್ಕು ಕಾಳು, ಚಿಲಿಪಿಲಿ ಮಾತ್ರ ದಿನವಿಡೀ ಎಂದು ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು.

ದಿನದಲ್ಲಿ ತನ್ನದು ಅಂತ ಬೇಕರಿಯಕ್ಕನಿಗಿದ್ದದ್ದು ಒಂದೇ ಹೊತ್ತು. ಊಟವಾದ ಮೇಲೆ ಚಾಪೆ ಹಾಸಿ, ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುವ ಹೊತ್ತು. ಕಥೆಯೂ ಒಂದೇ. ಬೇಕರಿಗೆ ಕೆಲಸಕ್ಕೆ ಸೇರಿದ ಕರಡಿಯದು. ಅಜ್ಜಿ ಮುತ್ತಜ್ಜಿ ಹೇಳಿಕೊಟ್ಟದ್ದಲ್ಲ, ಅವಳೇ ಕೂತು ನಾದಿದ್ದು. ಮೈತುಂಬ ಕೂದಲಿರುವ ನಿನ್ನನ್ನು ಹಿಟ್ಟಿನ ಹತ್ತಿರ ಯಾರು ಬಿಟ್ಟುಕೊಳ್ಳುತ್ತಾರೆ ಎಂದು ಯಜಮಾನ ಗದರಿದ. ಕರಡಿ ಹೋಗಿ ಹಳೆಯ ಅಂಗಿಯೊಂದನ್ನು ಹುಡುಕಿ ತೊಟ್ಟುಕೊಂಡು ಬಂತು. ಒಂದು ದಿನ ಹಿಟ್ಟಿನ ಮೂಟೆ ಬಿಚ್ಚಿ ತಲೆಯ ಮೇಲೆ ಸುರಿದು ಬೆಳ್ಳಗಾಯಿತು. ಗಿರಾಕಿಗಳು ಇದ್ಯಾರೋ ಯಜಮಾನರ ಕಡೆಯ ಅಜ್ಜ ಇರಬೇಕು ಅಂದುಕೊಂಡು ಕೈಮುಗಿದರು. ಹೀಗೆ ದಿನಕ್ಕೊಂದು ಪಜೀತಿ. ಕೊನೆಗೆ ಕೆಲಸ ಮುಗಿಸಿ, ಮನೆಯಲ್ಲಿ ಕಾಯುತ್ತಿರುವ ಮರಿಗೆ ಅಂತ ಒಂದು ಬನ್ನು ಹಿಡಿದುಕೊಂಡು ಕರಡಿ ಹೊರಡುತ್ತಿತ್ತು. ಹೊಳೆಯ ಸೇತುವೆಯವರೆಗೆ ಬರುತ್ತಿತ್ತು. ಅಷ್ಟರಲ್ಲಿ ಬೇಕರಿಯಕ್ಕನ ಗಂಟಲು ಭಾರವಾಗಿ, ತಲೆ ಗೋಡೆಗೆ ಒರಗಿ, ಗೊರಕೆ ಶುರುವಾಗುತ್ತಿತ್ತು.

“ಸೇತುವೆ ದಾಟಿತಾ ಅಮ್ಮ?” ಎಂದು ಗುಬ್ಬಿ ಕೆನ್ನೆ ತಟ್ಟಿದರೆ, “ಇವತ್ತು ಮೈದಾ ಖಾಲಿ, ನಾಳೆ ಬಾ” ಎಂದು ನಿದ್ದೆಗಣ್ಣಲ್ಲೇ ಉತ್ತರ ಕೊಟ್ಟದ್ದೂ ಉಂಟು. ಎರಡು ವರ್ಷವಾದರೂ ಕರಡಿ ಮನೆ ಮುಟ್ಟಿರಲಿಲ್ಲ.

ಆ ಹೊತ್ತಿಗೇ ಊರಿನ ಲೈಬ್ರರಿಗೆ ಹೊಸ ಮೇಡಂ ಬಂದರು.

ಪೋಸ್ಟಾಫೀಸಿನ ಪಕ್ಕದ ಆ ಕಟ್ಟಡದಲ್ಲಿ ಮೊದಲು ಪುಸ್ತಕಕ್ಕಿಂತ ಬೀಗವೇ ಹೆಚ್ಚು ಕಾಣಿಸುತ್ತಿತ್ತು. ಮೇಡಂ ಬಂದಮೇಲೆ ಕಿಟಕಿಗಳು ತೆರೆದವು, ಫ್ಯಾನು ತಿರುಗಿತು, ಊರೇ ಅತ್ತ ಹರಿಯಿತು. ರಿಟೈರಾದವರು ಪೇಪರಿನ ಒಂದೊಂದು ಹಾಳೆ ಹಂಚಿಕೊಂಡು ಕೂತರು. ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಹಿಂದಿನ ಉದ್ದ ಮೇಜು ಹಿಡಿದರು. ತರಕಾರಿಯವಳು ಮಾತ್ರೆ ಚೀಟಿ ಓದಿಸಲು ಹೋಗಿ, ತಣ್ಣಗಿದೆ ಅಂತ ಅಲ್ಲೇ ಒಂದು ನಿದ್ದೆ ತೆಗೆದು ಬಂದಳು. ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕಥೆ. ಗುಬ್ಬಿ ಒಂದು ಶನಿವಾರ ಹೋದವಳು, ಆಮೇಲೆ ಸ್ಕೂಲು ಬಿಟ್ಟರೆ ಲೈಬ್ರರಿ, ಲೈಬ್ರರಿ ಬಿಟ್ಟರೆ ಲೈಬ್ರರಿಯ ಮಾತು.

“ಮೇಡಂ ಇಲಿ ಬಂದ್ರೆ ಇಲಿ ದನಿಯಲ್ಲೇ ಮಾತಾಡ್ತಾರೆ ಗೊತ್ತಾ?”

“ಓಹೋ.”

“ಮೇಡಂ ಪುಸ್ತಕ ಮುಟ್ಟೋಕೆ ಮುಂಚೆ ಕೈ ತೊಳೀಬೇಕು ಅಂದಿದ್ದಾರೆ.”

ಊಟಕ್ಕೆ ಮುಂಚೆ ಕೈ ತೊಳಿ ಎಂದು ಇವಳು ಹುಟ್ಟಿದಾಗಿನಿಂದ ಬಡಿದುಕೊಂಡವಳು ನಾನು. ಅದು ಕಿವಿಗೇ ಹೋಗಲಿಲ್ಲ. ಆ ಮೇಡಂ ಒಂದು ಸಲ ಹೇಳಿದ್ದು ವೇದವಾಯಿತು. ಬೇಕರಿಯಕ್ಕ ಪಾತ್ರೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಉಜ್ಜಿದಳು. ತಾನು ಬೆಳಿಗ್ಗೆ ಕತ್ತಲಲ್ಲಿ ಹೆಣೆದು ಹೋದ ಜಡೆ ಸಂಜೆಗೆ ಬೇರೆಯೇ ಹೆಣಿಗೆಯಾಗಿ ಬಂದ ದಿನವಂತೂ ಅವಳಿಗೆ ಅನ್ನ ಇಳಿಯಲಿಲ್ಲ.

“ಆ ಕೊಕ್ಕರೆಗೆ ಮಾಡೋಕೆ ಬೇರೆ ಕೆಲಸ ಇಲ್ವಾ?” ಎಂದಳು. ಮೇಡಂ ಎತ್ತರದ ಆಳು, ಕತ್ತು ಇನ್ನೂ ಉದ್ದ. ದೂರದಿಂದ ಒಂದೆರಡು ಸಲ ನೋಡಿದ್ದಷ್ಟೇ.

ಅತ್ತೆ ಮೂಲೆಯಿಂದ ಒಗ್ಗರಣೆ ಹಾಕಿದರು. “ಹಿತ್ತಲ ಗಿಡ ಮದ್ದಲ್ಲ ಕಣಮ್ಮ. ನಾನು ನನ್ನ ಮಗನ್ನ ಸಾಕಿದೆ, ನೀನು ಬಂದೆ. ಆಗ ನನ್ನ ಹೊಟ್ಟೆ ಉರಿದಾಗ ಯಾರು ಕೇಳಿದ್ರು?”

“ನಿಮ್ಮ ಮಗ ಲಾರಿ ಜೊತೆ ಸಂಸಾರ ಮಾಡ್ತಿದ್ದಾರೆ ಅತ್ತೆ. ಉರ್ಕೊಳ್ಳೋದಾದ್ರೆ ಲಾರಿ ಮೇಲೆ ಉರ್ಕೊಳ್ಳಿ.”

ಅತ್ತೆ ನಕ್ಕರು. ಆ ಮನೆಯಲ್ಲಿ ಜಗಳಗಳು ಹೀಗೇ ಮುಗಿಯುತ್ತಿದ್ದವು. ಇದು ಮಾತ್ರ ಮುಗಿಯಲಿಲ್ಲ.

ಆ ವಾರ ಒಂದು ಸಂಜೆ ಚಾಪೆ ಹಾಸಿ ತೊಡೆ ತಟ್ಟಿ ಕರೆದರೆ ಗುಬ್ಬಿ ಬರಲಿಲ್ಲ. ಚಿತ್ರದ ಪುಸ್ತಕ ಹಿಡಿದು ಬೋರಲು ಮಲಗಿದ್ದಳು.

“ನೀನು ಮಲಕ್ಕೋ ಅಮ್ಮ, ಸುಸ್ತಾಗಿದೆ ನಿಂಗೆ.”

“ಕರಡಿ ಕಾಯ್ತಾ ಇದೆಯಲ್ಲೇ.”

“ಪರವಾಗಿಲ್ಲ. ಮೇಡಂಗೆ ಹೇಳಿದ್ದೀನಿ, ಶನಿವಾರ ಅವರು ಅದನ್ನ ಸೇತುವೆ ದಾಟಿಸ್ತಾರೆ. ಕಥೆ ಪೂರ್ತಿ ಹೇಳ್ತಾರೆ.”

ಬೇಕರಿಯಕ್ಕನ ಎದೆ ಚುರುಕ್ ಎಂದಿತು. ಒಲೆಯ ಬಾಗಿಲು ತಾಗಿ ಕೈ ಸುಟ್ಟುಕೊಂಡಾಗಲೂ ಹಾಗೆ ಆಗಿರಲಿಲ್ಲ. ಹುಡುಗಿ ಪ್ರೀತಿಯಿಂದಲೇ ಹೇಳಿದ್ದಳು, ಅದೇ ಹೆಚ್ಚು ಉರಿಸಿತು. ಜಡೆ ಹೋಗಲಿ, ಕೈ ತೊಳೆಯುವುದು ಹೋಗಲಿ. ಆ ಕರಡಿಯೊಂದು ಇತ್ತು. ಅದೂ ಅಲ್ಲಿಗೇ ಹೋಯಿತೆಂದರೆ, ನಾಳೆಯಿಂದ ಈ ಮಗು ತನ್ನ ತೊಡೆಗೆ ಬರುವುದಾದರೂ ಯಾತಕ್ಕೆ? ನಾದಿದವಳು ಒಬ್ಬಳು, ಬಡಿಸಿ ಹೆಸರು ತೆಗೆದುಕೊಳ್ಳುವವಳು ಇನ್ನೊಬ್ಬಳು. ಆ ರಾತ್ರಿ, ಕಥೆ ಹೇಳದ ರಾತ್ರಿ, ಅವಳಿಗೆ ನಿದ್ದೆ ಬರಲಿಲ್ಲ.

ಶನಿವಾರ ಬೇಕರಿಯಲ್ಲಿ ಅವಳು ಒಲೆಮಾವನ ಮುಂದೆ ನಿಂತಳು. ಒಲೆ ನೋಡಿಕೊಳ್ಳುವ ಮುದುಕ, ಅದಕ್ಕೇ ಆ ಹೆಸರು.

“ಮಾವ, ಮಧ್ಯಾಹ್ನ ಸ್ವಲ್ಪ ಬೇಗ ಬಿಡ್ಬೇಕು. ಲೈಬ್ರರಿಗೆ ಹೋಗ್ಬೇಕು.”

“ನೀನಾ? ಏನು ಓದ್ತೀಯ?”

“ಓದೋಕಲ್ಲ. ಜಗಳಕ್ಕೆ.”

ಒಲೆಮಾವ ಸಲಿಕೆ ಕೆಳಗಿಟ್ಟ. “ನೋಡಮ್ಮ, ಜಗಳ ಮಾಡು, ಬೇಡ ಅನ್ನಲ್ಲ. ಆದ್ರೆ ಅಲ್ಲಿ ಮೆಲ್ಲಗೆ ಮಾತಾಡ್ಬೇಕು. ನಾನೊಂದ್ಸಲ ಆಟದ ಪುಟ ನೋಡಿ ಕೂಗಿದ್ದಕ್ಕೆ ಮೇಡಂ ಬಾಯಿ ಮೇಲೆ ಬೆರಳಿಟ್ರು. ನನ್ನ ಹೆಂಡ್ತಿಗೂ ನಾನು ಅಷ್ಟು ಹೆದರಿಲ್ಲ.”

“ನೀವೂ ಅವ್ರ ಕಡೇನಾ?”

“ಫ್ಯಾನಿನ ಕಡೆ” ಎಂದ ಒಲೆಮಾವ. “ಹೋಗು. ಬನ್ನಿನ ಹಿಟ್ಟು ನಾನು ನೋಡ್ಕೋತೀನಿ.”

ಹೊರಡುವ ಅವಸರದಲ್ಲಿ ಅವಳು ತಲೆ ಒರೆಸಿಕೊಳ್ಳಲಿಲ್ಲ, ಕೈ ತೊಳೆಯಲಿಲ್ಲ. ಬಾಯಲ್ಲಿ ಮಾತುಗಳನ್ನು ಒಂದೊಂದಾಗಿ ಹದ ಮಾಡಿಕೊಳ್ಳುತ್ತ ಬಿರಬಿರನೆ ನಡೆದಳು.

ಒಳಗೆ ಕಾಲಿಟ್ಟರೆ ಆ ಮೌನ ಅವಳ ಕಾಲನ್ನೇ ಹಿಡಿಯಿತು. ಪೇಪರಿನ ಮುದುಕರಲ್ಲಿ ಒಬ್ಬರು ತಲೆಯೆತ್ತಿ ಒಳಗಿನ ಕೋಣೆಯತ್ತ ಗಲ್ಲ ತೋರಿಸಿದರು. ಅವಳು ಪುಸ್ತಕದ ಕಪಾಟಿನ ಹಿಂದೆ ನಿಂತಳು. ಸಂದಿಯಿಂದ ಎಲ್ಲ ಕಾಣುತ್ತಿತ್ತು. ಮಕ್ಕಳು ಚಾಪೆಯ ಮೇಲೆ ಕಿಕ್ಕಿರಿದು ಕೂತಿದ್ದವು. ಮೇಡಂ ನೆಲದ ಮೇಲೇ ಕೂತಿದ್ದರು. ಅವರ ಮೊಣಕಾಲಿಗೆ ಒರಗಿಕೊಂಡು ಗುಬ್ಬಿ.

“ಇದು ನಮ್ಮ ಗುಬ್ಬಿ ತಂದ ಕಥೆ” ಎನ್ನುತ್ತಿದ್ದರು ಮೇಡಂ.

ನಮ್ಮ ಗುಬ್ಬಿ. ಬೇಕರಿಯಕ್ಕ ಕಪಾಟಿನ ಅಂಚು ಹಿಡಿದಳು.

ಹಾಳಾದವಳು ಚೆನ್ನಾಗಿ ಹೇಳುತ್ತಿದ್ದಳು. ಯಜಮಾನನಿಗೆ ಒಂದು ದನಿ, ಕರಡಿಗೆ ಒಂದು. ಕರಡಿ ಆಕಳಿಸಿದಾಗ ಮಕ್ಕಳೆಲ್ಲ ಆಕಳಿಸಿದವು. ಹಿಟ್ಟಿನ ಮೂಟೆ ಸುರಿದಾಗ ಬಿದ್ದುಬಿದ್ದು ನಕ್ಕವು. ತನ್ನ ಮನೆಯಲ್ಲಿ, ತನ್ನ ತೊಡೆಯ ಮೇಲೆ, ಗುಬ್ಬಿ ಒಂದು ದಿನವೂ ಹೀಗೆ ನಕ್ಕಿರಲಿಲ್ಲ. ಬನ್ನು ಹಿಡಿದು ಕರಡಿ ಸೇತುವೆಗೆ ಬಂತು. ಕರಡಿ ಸೇತುವೆ ದಾಟಿಯೇಬಿಟ್ಟಿತು, ಏನೂ ಕಷ್ಟವಿಲ್ಲದೆ, ಎರಡೇ ಮಾತಿನಲ್ಲಿ. ಆಚೆ ದಡದಲ್ಲಿ ಒಂದು ಕೊಕ್ಕರೆ. ಮರಿಯನ್ನು ದಿನವೂ ತನ್ನ ಮರದಡಿ ಕೂರಿಸಿಕೊಂಡು ಕಥೆ ಹೇಳುವ ಒಳ್ಳೆಯ ಕೊಕ್ಕರೆಯಂತೆ ಅದು. ಅಮ್ಮ ಬಂದದ್ದು ನೋಡಿ ಮರಿ ಕುಣಿಯಿತು. “ಆವತ್ತಿನಿಂದ ಕರಡಿ ಬೇಕರಿ ಕೆಲಸ ಬಿಟ್ಟುಬಿಡ್ತು. ಮೂವರೂ ಮರದಡಿ—”

“ಬಿಡಲ್ಲ.”

ಮಾತು ಬೇಕರಿಯಕ್ಕನ ಬಾಯಿಂದ ಹೊರಬಿದ್ದಾಗಿತ್ತು. ಅವಳು ಕಪಾಟಿನ ಹಿಂದಿನಿಂದ ಈಚೆ ಬಂದಳು. ತಲೆ, ಹುಬ್ಬು, ಕೈ, ಎಲ್ಲ ಬಿಳಿ. ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಂದು ಮೆಲ್ಲಗೆ, “ಕರಡಿ ಬಂತು” ಎಂದಿತು.

ಮಕ್ಕಳು ನಕ್ಕವು. ಗುಬ್ಬಿ ಮಾತ್ರ ನಾಚಿಕೆಯಿಂದ ಮುಖವನ್ನು ಮೇಡಂ ಸೆರಗಿನಲ್ಲಿ ಮುಚ್ಚಿಕೊಂಡಳು. ಆ ಸೆರಗು ಕಂಡು ಬೇಕರಿಯಕ್ಕ ಹದ ಮಾಡಿಟ್ಟುಕೊಂಡಿದ್ದ ಮಾತೆಲ್ಲ ಹಳಸಿಹೋಯಿತು.

“ಕರಡಿ ಕೆಲಸ ಬಿಡಲ್ಲ ಮೇಡಂ” ಎಂದಳು. “ಬಿಟ್ರೆ ಬನ್ನು ಎಲ್ಲಿಂದ ಬರುತ್ತೆ?”

ಮೇಡಂ ಅವಳನ್ನು ನೋಡಿದರು, ಗುಬ್ಬಿಯನ್ನು ನೋಡಿದರು. ಅರ್ಥವಾಗಿರಬೇಕು. “ಹೌದಲ್ವಾ” ಎಂದು ಸರಿದು ಜಾಗ ಮಾಡಿದರು. “ಹಾಗಾದ್ರೆ ನೀವೇ ಹೇಳಿ. ಸೇತುವೆ ದಾಟಿ ಏನಾಯ್ತು?”

ಬೇಕರಿಯಕ್ಕನಿಗೆ ಗೊತ್ತಿರಲಿಲ್ಲ. ಸೇತುವೆಯಾಚೆಗೆ ಅವಳು ಯಾವತ್ತೂ ಎಚ್ಚರವಾಗಿ ಹೋದವಳಲ್ಲ. ವಾಪಸು ಹೋಗಿಬಿಡಬಹುದಿತ್ತು. ಹೋದರೆ ಕಥೆ ಆ ಮರದಡಿಯಲ್ಲೇ ಉಳಿಯುತ್ತದೆ. ಅವಳು ಚಾಪೆಯ ಮೇಲೆ ಕೂತಳು.

“ಕರಡಿ ಮನೆಗೆ ಬಂತು. ಮರಿ ಇರ್ಲಿಲ್ಲ. ಚಾಪೆ ಇತ್ತು, ತಟ್ಟೆ ಇತ್ತು, ಮರಿ ಇಲ್ಲ. ಹುಡುಕ್ಕೊಂಡು ಹೋದ್ರೆ ಮರಿ ಆ ಕೊಕ್ಕರೆ ಮರದಡಿ ಕೂತ್ಕೊಂಡು ನಗ್ತಾ ಇದೆ. ಕರಡಿ ಮರದ ಹಿಂದೆ ನಿಂತ್ಕೊಂಡು ನೋಡ್ತು. ಹೊಟ್ಟೆ ಒಳಗೆ ಬೆಂಕಿ ಹತ್ಕೊಂಡ ಹಾಗಾಯ್ತು. ಈ ಕೊಕ್ಕರೆ ಕತ್ತು ತಿರುಚಿಬಿಡೋಣ ಅಂದ್ಕೊಂಡ್ತು.”

“ತಿರುಚಿತಾ?” ಎಂದ ಹಲ್ಲು ಬಿದ್ದ ಹುಡುಗನೊಬ್ಬ, ಆಸೆಯಿಂದ.

“ಯೋಚನೆ ಮಾಡ್ತಾ ಇದೆ.”

ಮೇಡಂ ಕೈ ತಾನಾಗಿ ಕತ್ತಿಗೆ ಹೋಯಿತು.

“ಕತ್ತು ತಿರುಚೋಕೆ ಎರಡು ಕೈ ಬೇಕಲ್ವಾ? ಒಂದು ಕೈಯಲ್ಲಿ ಬನ್ನಿತ್ತು. ಕೆಳಗೆ ಇಟ್ರೆ ಮಣ್ಣಾಗುತ್ತೆ. ಬೆಳಗಿನಿಂದ ನಾದಿದ ಬನ್ನು. ಮಣ್ಣಲ್ಲಿ ಇಡೋಕೆ ಮನಸ್ಸು ಬರ್ಲಿಲ್ಲ. ಹಾಗೇ ನಿಂತ್ಕೊಂಡಿತ್ತು.”

ಮಕ್ಕಳು ಹತ್ತಿರ ಸರಿದವು. ಮೂಗು ಸುರಿಯುತ್ತಿದ್ದ ಆ ಪುಟ್ಟ ಹುಡುಗಿ ಯಾರನ್ನೂ ಕೇಳದೆ ಅವಳ ತೊಡೆ ಹತ್ತಿ ಕೂತಿತು. ಬೇಕರಿಯಕ್ಕ ಅಭ್ಯಾಸಬಲದಿಂದ ಅದರ ಸೊಂಟಕ್ಕೆ ಕೈ ಸುತ್ತಿದಳು. ನಿದ್ದೆ ಹತ್ತಿರವೂ ಸುಳಿಯಲಿಲ್ಲ.

“ಬನ್ನಿನ ವಾಸನೆ ಗಾಳಿಯಲ್ಲಿ ಹೋಯ್ತು. ಮರಿ ತಿರುಗಿ ನೋಡ್ತು.”

“ಓಡಿ ಬಂತಾ?”

ಅವಳು ಗುಬ್ಬಿಯತ್ತ ನೋಡಿದಳು. ಗುಬ್ಬಿ ಸೆರಗು ಬಿಟ್ಟು ನೆಟ್ಟಗೆ ಕೂತಿದ್ದಳು. ಆದರೆ ಅವಳ ಕಣ್ಣಿದ್ದದ್ದು ಅಮ್ಮನ ಮುಖದ ಮೇಲಲ್ಲ, ಅಮ್ಮನ ತೊಡೆಯ ಮೇಲೆ.

“ಅದನ್ನ ಮರಿಯನ್ನೇ ಕೇಳ್ಬೇಕು” ಎಂದಳು ಬೇಕರಿಯಕ್ಕ.

ಮೇಡಂ ಮಕ್ಕಳನ್ನು ಪುಸ್ತಕ ಆರಿಸಿಕೊಳ್ಳಲು ಎಬ್ಬಿಸಿ, ಇವಳ ಹತ್ತಿರ ಬಂದು ಮೆಲ್ಲಗೆ ಹೇಳಿದರು. “ಅದನ್ನ ಮುಗಿಸಿದ್ದು ನಾನಲ್ಲ. ಗುಬ್ಬಿ ಹೇಗೆ ಹೇಳಿದ್ಲೋ ಹಾಗೇ ಹೇಳ್ದೆ. ಕೆಲಸ ಬಿಡಿಸಿದ್ದು ಅವಳೇ. ಕೊಕ್ಕರೆನೂ ಅವಳದ್ದೇ, ಅದ್ಯಾಕೆ ಕೊಕ್ಕರೆ ಅಂತ ನಂಗೂ ಗೊತ್ತಿಲ್ಲ.”

ಬೇಕರಿಯಕ್ಕನ ಮುಖ ಹಿಟ್ಟಿನ ಒಳಗೇ ಕೆಂಪಾಯಿತು. ಕೊಕ್ಕರೆಯ ವಿಷಯ ಅವಳು ಎತ್ತಲಿಲ್ಲ. ಕೆಲಸ ಬಿಡಿಸಿದ್ದು ಅವಳೇ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ನಿಂತಿತು. ಮಗಳು ಇಷ್ಟು ದಿನ ತೊಡೆಯ ಮೇಲೆ ಕೂತು ಕೆಲಸ ಬಿಡು ಅಮ್ಮ ಎಂದು ಕೇಳಲಾರದೆ, ಇಲ್ಲಿ ಬಂದು ಕೇಳಿದ್ದಳು.

“ಬೇರೆ ಯಾವ ಕಥೆ ಬೇಕಾದ್ರೂ ಹೇಳಿ ಮೇಡಂ” ಎಂದಳು ಕೊನೆಗೆ. “ಕರಡಿದು ಬೇಡ. ಅದೊಂದು ನನಗಿರ್ಲಿ.”

“ಮಕ್ಕಳು ಬಿಡಲ್ಲ. ನಾನು ಹೇಳಿದ್ರೆ ಇನ್ಮುಂದೆ ಒಪ್ಪೋದೂ ಇಲ್ಲ.” ಮೇಡಂ ನಗುತ್ತಿದ್ದರು, ಆದರೆ ಕಣ್ಣು ನಗುತ್ತಿರಲಿಲ್ಲ. ಹೊರಟ ಮಕ್ಕಳು ಬಾಗಿಲಲ್ಲಿ ನಿಂತು ಕೈ ಬೀಸಿದ್ದು ಬೇಕರಿಯಕ್ಕನಿಗೆ, ಮೇಡಂಗಲ್ಲ. “ಪ್ರತಿ ಶನಿವಾರ ಬನ್ನಿ. ಆಗಲ್ವಾ?”

“ನೋಡೋಣ” ಎಂದಳು ಬೇಕರಿಯಕ್ಕ. ಆ ಕಣ್ಣಿನಲ್ಲಿದ್ದದ್ದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸ್ವಲ್ಪ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚು ಹಿತವಾಯಿತು.

ದಾರಿಯುದ್ದಕ್ಕೂ ಗುಬ್ಬಿಯ ಚಿಲಿಪಿಲಿ ಇಲ್ಲ. ಪುಸ್ತಕವನ್ನು ಎದೆಗೆ ಅವುಚಿಕೊಂಡು ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು. ಪೋಸ್ಟಾಫೀಸು ದಾಟಿತು, ಸೈಕಲ್ ರಿಪೇರಿ ಅಂಗಡಿ ದಾಟಿತು. ಮನೆಯ ಓಣಿ ಬಂದಮೇಲೆ ತಿರುಗದೆಯೇ ಕೇಳಿದಳು.

“ಪ್ರತಿ ಶನಿವಾರ ಬರ್ತೀಯಾ?”

“ಒಲೆಮಾವ ಬಿಟ್ರೆ.”

“ಬರ್ಬೇಡ.”

ಬೇಕರಿಯಕ್ಕನ ಹೆಜ್ಜೆ ನಿಂತಿತು. “ಯಾಕೆ? ನಾಚಿಕೆ ಆಗುತ್ತಾ ನಾನು ಬಂದ್ರೆ?”

“ಅದಲ್ಲ.” ಗುಬ್ಬಿ ಈಗ ತಿರುಗಿದಳು. ಮೂಗಿನ ಹೊಳ್ಳೆ ಅರಳಿತ್ತು, ಕಣ್ಣು ತುಂಬಿತ್ತು. “ಅವಳು ನಿನ್ನ ತೊಡೆ ಮೇಲೆ ಕೂತ್ಕೊಂಡ್ಲು. ಸಿಂಬಳ ಬೇರೆ ಸುರೀತಾ ಇತ್ತು. ನೀನು ಏಳು ಅಂತ ಒಂದು ಮಾತೂ ಅನ್ಲಿಲ್ಲ. ಕೈ ಬೇರೆ ಹಾಕಿದ್ದೆ.”

“ಪಾಪ, ಚಿಕ್ಕ ಮಗು ಕಣೆ.”

“ಇರ್ಲಿ. ಅವರಮ್ಮ ಇಲ್ವಾ?”

ಸಮಾಧಾನ ಮಾಡಬೇಕಿತ್ತು. ಎತ್ತಿಕೊಂಡು, ಮುದ್ದಿಟ್ಟು, ನನ್ನ ತೊಡೆ ನಿನ್ನದೇ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮನೆ ಇನ್ನು ನಾಲ್ಕು ಮಾರು ದೂರವಿತ್ತು. ಬೇಕರಿಯಕ್ಕ, ಮಗಳು ತನಗಾಗಿ ಇನ್ನಷ್ಟು ಹೊತ್ತು ಮುಖ ಉಬ್ಬಿಸಿಕೊಂಡೇ ಇರಲೆಂದು, ಆದಷ್ಟು ನಿಧಾನವಾಗಿ ನಡೆದಳು.