ಅವ್ವನ ದನಿಯ ಹಳೆಯ ಆವೃತ್ತಿ

‘ಹಳೆಯ ಆವೃತ್ತಿ ಅಳಿಸಲೇ?’ ಎಂದು ಪರದೆ ಎರಡನೆಯ ಸಲ ಕೇಳಿದಾಗಲೂ ಶಿವಗಂಗಾ ಉತ್ತರ ಕೊಡದೆ ಬೀದಿಯ ಮಗ್ಗಗಳ ಸದ್ದು ಕೇಳುತ್ತ ಕುಳಿತಳು. ಇಳಕಲ್ಲಿನ ಮಧ್ಯಾಹ್ನ. ಉಂಡ ಊರು ತೂಕಡಿಸುತ್ತಿತ್ತು. ಮಗ್ಗಗಳೂ ಅರೆನಿದ್ದೆಯಲ್ಲೇ ನೇಯುತ್ತಿವೆಯೇನೋ ಅನ್ನಿಸುತ್ತಿತ್ತು.

ಕಣ್ಣು ಕಾಣದವರಿಗೆ ಫೋನು ಓದಿ ಹೇಳುವ ಕನ್ನಡ ತಂತ್ರಾಂಶ ಅದು. ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಊರೂರಿನ ಗೆಳೆಯರು ಬರೆದದ್ದನ್ನೆಲ್ಲ ಜೋಡಿಸಿ, ಬಳಸಲು ಸಿದ್ಧವಾದ ಕಡತ ಮಾಡಿ ಸರ್ವರಿಗೆ ಏರಿಸುವುದು ಶಿವಗಂಗಾಳ ಪಾಲಿನ ಕೆಲಸ. ಬೇರೆ ದನಿಯ ಹೊಸ ಆವೃತ್ತಿ ಬೆಳಿಗ್ಗೆಯೇ ಏರಿ, ಎಲ್ಲರ ಫೋನಿಗೂ ತಾನಾಗಿ ಇಳಿದಿತ್ತು. ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಸರ್ವರು, ಜಾಗ ಇಕ್ಕಟ್ಟು. ಹಳೆಯದು ಹೋಗಲಿ ಎಂದು ಎಲ್ಲರೂ ಒಪ್ಪಿದ್ದರು, ಅವಳೂ.

ಹಳೆಯದರಲ್ಲಿ ಇದ್ದದ್ದು ಅವ್ವ ಗುರುಲಿಂಗವ್ವನ ದನಿ. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತು ತೆಗೆಯುವ ರೂಢಿ ಅವಳಿಗಿಲ್ಲ. ದನಿ ಮುದ್ರಿಸಿಕೊಳ್ಳುವಾಗ ‘ಸಂದೇಶ ಬಂದಿದೆ’ ಎಂದು ಓದು ಅಂದರೆ, “ಸಂದೇಶ ಬಂದೈತ್ರಿ, ಸಾವಕಾಶ ನೋಡ್ರಿ” ಎಂದು ಓದಿಟ್ಟಿದ್ದಳು. “ಮಾರಿ ಮ್ಯಾಲ ಹೊಡದಂಗ ಹ್ಯಾಂಗ ಹೇಳೂದವಾ?” ಎಂದು ಮಗಳನ್ನೇ ಗದರಿದ್ದಳು.

ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು, ಮಾತು ನಿಂತಿತು. ಬರೆದದ್ದನ್ನು ತಂತ್ರಾಂಶ ನಿನ್ನದೇ ದನಿಯಲ್ಲಿ ಓದುತ್ತದೆ, ಹಾಗಾದರೂ ಮಾತಾಡು ಎಂದರೆ ಅವ್ವ ಕೈ ಕೊಡವಿ ಒಳಗೆ ಹೋಗುವಳು. ಅವಳಿಗೇ ಬೇಡವಾದದ್ದು ಇನ್ಯಾರಿಗೆ ಬೇಕು? ಮನೆಯಲ್ಲೊಂದು ಪ್ರತಿ ಉಳಿಯುತ್ತಿತ್ತು ನಿಜ. ಆದರೆ ನಾಲ್ಕು ಜನರ ಕಿವಿಗೆ ಬೀಳದ ದನಿ ಟ್ರಂಕಿನಲ್ಲಿ ಮಡಚಿಟ್ಟ ಸೀರೆ.

ಫೋನು ಬಂತು. ಅಮೀನಗಡದ ದುರ್ಗಪ್ಪ, ಕಣ್ಣಿಲ್ಲದವನು, ಕರದಂಟಿನ ಮಿಠಾಯಿ ಅಂಗಡಿ ಇಟ್ಟವನು. ಅವಳು ಸ್ಪೀಕರ್ ಹಾಕಿದಳು.

“ಏನ್ ಮಾಡೀರಿ ತಂಗಿ? ಮುಂಜಾನಿಯಿಂದ ನನ್ನ ಫೋನಿನ್ಯಾಗ ಯಾರೋ ಬ್ಯಾರೆದವರು ಬಂದ್ ಕುಂತಾರ!”

“ಹೊಸಾದು ಜಲ್ದಿ ಓದತೈತ್ರಿ ಅಣ್ಣಾರ.”

“ಜಲ್ದಿ ತಗೊಂಡು ನಾ ಎಲ್ಲಿಗೆ ಹೋಗ್ಲಿ? ಅಂಗಡ್ಯಾಗ ಒಬ್ಬನ ಕುಂತಿರ್ತೇನಿ. ಆ ಅವ್ವಾರು ಇದ್ರ ಮನ್ಯಾಗ ಹಿರ್ಯಾರು ಇದ್ದಂಗ ಇತ್ತು. ಹಳೇದ ಹಾಕಿ ಕೊಡ್ರಿ. ಎಲ್ಲಿ ಹೋದ್ರು ಅವರು?”

ಶಿವಗಂಗಾ ತಿರುಗಿ ನೋಡಿದಳು. ಹಿಂದೆ ಬಾಗಿಲಲ್ಲಿ ಅವ್ವ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

ಅವ್ವ ಬಂದು ಪಕ್ಕದಲ್ಲಿ ಕುಳಿತಳು. ಪರದೆಯ ಪ್ರಶ್ನೆಯನ್ನು ಓದಿ ತಾನೇ ‘ಬೇಡ’ ಒತ್ತಿದಳು. ಆಮೇಲೆ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮಗಳ ಮುಖ ನೋಡಿದಳು. ಶಿವಗಂಗಾ ಗಡಿಬಿಡಿಯಲ್ಲಿ ತನ್ನ ಗಣಕದಲ್ಲಿದ್ದ ಹಳೆಯ ಆವೃತ್ತಿಯನ್ನು ತೆರೆದುಕೊಟ್ಟಳು. ಅವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

“ನಾ ಇಲ್ಲೇ ಅದೀನಪಾ. ಊಟ ಆತೇನು?”

ಅವ್ವನದೇ ದನಿ. ಶಿವಗಂಗಾಳ ಕಣ್ಣು ತುಂಬಿ ಬಂತು.

“ಇನ್ನೂ ಇಲ್ರಿ ಅವ್ವಾರ,” ಎಂದ ದುರ್ಗಪ್ಪ. “ಈಗ ಬುತ್ತಿ ಬಿಚ್ಚತೇನಿ.”

ಅತ್ತ ಖಡಕ್ ರೊಟ್ಟಿ ಮುರಿದ ಸದ್ದಾಯಿತು, ಒಂದು ಬಸ್ಸು ಬಂದು ಹೋಯಿತು. ಅವ್ವನ ಬೆರಳು ಮುಂದಿನ ಅಕ್ಷರ ಹುಡುಕುತ್ತಿತ್ತು, ಅವನು ಕಾಯುತ್ತಿದ್ದ.